ಮಾಗಡಿ ಕೆರೆಗೆ ಭರತ ಇಳಿತ ಇಲ್ಲ: ಹೆಬ್ಬಾತು ನೋಡುವ ಬಗೆ

ನಮ್ಮವರ ನೌಕರಿ ಸಲುವಾಗಿ ಒಂಬತ್ತು ವರ್ಷ ಕುಮಟಾದಲ್ಲಿದ್ದೆವು. ಹಕ್ಕಿ ನೋಡುವ ಹುಚ್ಚು ಹತ್ತಿದ್ದು ಅಲ್ಲೇ, ಅಘನಾಶಿನಿ ಸಮುದ್ರ ಸೇರುವ ಜಾಗದಲ್ಲಿ. ಈಗ ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿದ್ದೇವೆ. ಸಮುದ್ರ ಇಲ್ಲ ಅಂತ ಮೊದಲ ವರ್ಷ ಮುಖ ಸಣ್ಣ ಮಾಡಿಕೊಂಡೇ ಇದ್ದೆ. ಆಮೇಲೆ 11 ಕಿಲೋಮೀಟರ್ ದೂರದ ಮಾಗಡಿ ಕೆರೆ ಸಿಕ್ಕಿತು. 2024ರಲ್ಲಿ ಇದಕ್ಕೂ ಅಘನಾಶಿನಿಗೂ ಒಟ್ಟಿಗೇ ರಾಮ್ಸರ್ ಪಟ್ಟ ಬಂತು, ಅಂದರೆ ಜಗತ್ತಿನ ಮಹತ್ವದ ಜೌಗುನೆಲ ಅನ್ನುವ ಮಾನ್ಯತೆ. ತವರು, ಅತ್ತೆಮನೆ ಎರಡಕ್ಕೂ ಒಂದೇ ದಿನ ಸನ್ಮಾನ ಆದಂಗೆ!

ಆದರೆ ಅಲ್ಲಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅಘನಾಶಿನಿಯಲ್ಲಿ ನೀರು ನೋಡಿ ಹೊರಡಬೇಕು. ಇಳಿತಕ್ಕೆ ಕೆಸರು ಬಯಲಾಗುತ್ತದೆ, ಬಳಚು ಅನ್ನುವ ಚಿಪ್ಪು ಆರಿಸುವವರು ಇಳಿಯುತ್ತಾರೆ, ಹಕ್ಕಿಗಳೂ ಇಳಿಯುತ್ತವೆ. ಆ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಇವತ್ತು ಏಳಕ್ಕೆ ಕಂಡದ್ದು ನಾಳೆ ಎಂಟರ ಹತ್ತಿರ. ಮಾಗಡಿಯಲ್ಲಿ ಸೂರ್ಯನೇ ಗಡಿಯಾರ. ಚಳಿಗಾಲಕ್ಕೆ ಇಲ್ಲಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಸಂಜೆ ಹೊಲಗಳಿಗೆ ಮೇಯಲು ಹೋಗುತ್ತವೆ, ಬೆಳಿಗ್ಗೆ ವಾಪಸ್ ಬಂದು ಹಗಲೆಲ್ಲ ಕೆರೆಯಲ್ಲಿ ತೂಕಡಿಸುತ್ತವೆ. ಹಾಗಾಗಿ ಬೆಳಕು ಹರಿಯುವ ಮೊದಲೇ ದಂಡೆಯಲ್ಲಿರಿ. ಇಲ್ಲವಾದರೆ ಸಂಜೆ ಬನ್ನಿ. ನಡು ಮಧ್ಯಾಹ್ನ ಬಂದರೆ ದೂರದಲ್ಲಿ ಬೂದಿ ಬಣ್ಣದ ಗುಡ್ಡೆಗಳು ಕಾಣುತ್ತವೆ, ಅಷ್ಟೇ.

ಡಿಸೆಂಬರ್ ಕೊನೆಯಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಗದಗಿನಿಂದ ಸುಮಾರು 26 ಕಿಲೋಮೀಟರ್.

ಬೆಳಿಗ್ಗೆ ಕೆರೆಯ ಮೂಡಣ ಬದಿಗೆ ನಿಲ್ಲಿ. ಸೂರ್ಯ ಬೆನ್ನಿಗೆ ಬಂದರೆ ಬಿಳಿ ತಲೆಯ ಮೇಲಿನ ಎರಡು ಕಪ್ಪು ಪಟ್ಟೆ ಸ್ಪಷ್ಟ ಕಾಣುತ್ತವೆ. ಸಂಜೆಗೆ ಪಡುವಣ ಬದಿ. ದುರ್ಬೀನು 8x42 ಸಾಕು, ಅಂದರೆ ಎಂಟು ಪಟ್ಟು ಹತ್ತಿರ ತೋರಿಸುವಂಥದ್ದು. ಇನ್ನೂ ಜಾಸ್ತಿ ಹತ್ತಿರ ತೋರಿಸುವುದನ್ನು ಕೈಯಲ್ಲಿ ಹಿಡಿದರೆ ಹಕ್ಕಿಗಿಂತ ನಿಮ್ಮ ನಡುಕವೇ ದೊಡ್ಡದಾಗಿ ಕಾಣುತ್ತದೆ. ಕೆಂಪು, ಬಿಳಿ ಬಟ್ಟೆ ಬೇಡ.

ಎಷ್ಟು ಹತ್ತಿರ ಹೋಗಬಹುದು? ಇದನ್ನು ನಾನು ಬೈಸಿಕೊಂಡು ಕಲಿತೆ. ಕುಮಟಾದಲ್ಲಿ ಕೆಸರಿಗೆ ಇಳಿದು ರೂಢಿ ಅಲ್ವಾ, ಇಲ್ಲೂ ಚಪ್ಪಲಿ ಬಿಟ್ಟು ನೀರಿನ ಅಂಚಿಗೆ ಹೋದೆ. ಮಲಗಿದ್ದ ಹಿಂಡು ಒಂದೇ ಸಲ ಎದ್ದಿತು. ಆಕಾಶ ತುಂಬ ಕೂಗು. ನನಗೋ ಖುಷಿ! ಹಿಂದಿನಿಂದ ಒಬ್ಬ ರೈತರು ಬಂದರು. "ಅಕ್ಕಾರ, ನೀವು ಎಬ್ಬಿಸಿ ಮನಿಗೆ ಹೋಗ್ತೀರಿ. ಅವು ನಮ್ಮ ಕಡ್ಲಿ ಹೊಲದಾಗ ಇಳೀತಾವ. ರಾತ್ರಿ ತಿಂದದ್ದು ಸಾಲದೇನ್ರಿ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ನಾನು ಹಕ್ಕಿಯ ಕುತ್ತಿಗೆ ನೋಡುತ್ತೇನೆ. ತಲೆ ರೆಕ್ಕೆಯೊಳಗಿದ್ದರೆ ನಿಮ್ಮ ಚಿಂತೆ ಅವಕ್ಕಿಲ್ಲ. ಒಂದೆರಡು ಕುತ್ತಿಗೆ ನೆಟ್ಟಗಾದರೆ ಅಲ್ಲೇ ನಿಲ್ಲಿ. ಎಲ್ಲವೂ ನೆಟ್ಟಗಾಗಿ ಒಂದೇ ಕಡೆ ತಿರುಗಿದರೆ ಮೆಲ್ಲಗೆ ಹಿಂದೆ ಬನ್ನಿ, ಬೆನ್ನು ಬಗ್ಗಿಸಿ ನುಸುಳಬೇಡಿ. ನುಸುಳುವವರನ್ನು ಕಂಡರೆ ಅವು ನರಿ ಅಂದುಕೊಳ್ಳುತ್ತವೋ ಏನೋ, ನೆಟ್ಟಗೆ ಕೂತವರಿಗಿಂತ ಬೇಗ ಬೆದರುತ್ತವೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬಂದವು. 7,000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಮಾರ್ಚ್ ಹೊತ್ತಿಗೆ ಅದೇ ದಾರಿ ಹಿಡಿಯಲು ಮೈಯಲ್ಲಿ ಕೊಬ್ಬು ಬೇಕು. ಸುಮ್ನೆ ಹಾರಿಸಿದರೆ ಅದೇ ಕರಗುವುದು.

ಎಣಿಸುವ ಆಸೆ ಇದ್ದರೆ ಮೊದಲು ಹತ್ತು ಎಣಿಸಿ, ಅಷ್ಟು ಜಾಗ ಕಣ್ಣಲ್ಲಿಟ್ಟುಕೊಂಡು ಉಳಿದ ಹಿಂಡನ್ನು ಅಳೆಯಿರಿ.

ಬುತ್ತಿ ತನ್ನಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಆದರೆ ಕೆಡುವುದಿಲ್ಲ. ಮಳೆ ಬಿದ್ದಿದ್ದರೆ ಹೊಲದ ಬದು ಹತ್ತಬೇಡಿ, ಎರೆಮಣ್ಣು ಚಪ್ಪಲಿಯನ್ನು ಇಟ್ಟುಕೊಂಡು ನಿಮ್ಮನ್ನಷ್ಟೇ ಕಳಿಸುತ್ತದೆ.

ಸಂಜೆಯ ಹಾರಾಟ ಮುಗಿಯುವಷ್ಟರಲ್ಲಿ ಕತ್ತಲಾಗುತ್ತದೆ. ವಾಪಸ್ ಬಸ್ಸು ಎಷ್ಟಕ್ಕೆ ಅಂತ ಬರುವಾಗಲೇ ಕಂಡಕ್ಟರನ್ನು ಕೇಳಿಟ್ಟುಕೊಳ್ಳಿ. ನಾನು ಒಮ್ಮೆ ಮರೆತು, ಹಸಿ ಕಡಲೆಗಿಡ ಹೇರಿದ ಟಂಟಂ ಗಾಡಿಯಲ್ಲಿ ಮನೆಗೆ ಬಂದೆ. ಅದನ್ನು ಹತ್ತಿಸಿಕೊಟ್ಟವರು ಅದೇ ರೈತರು.