ಎನ್‌ಎಫ್‌ಎಲ್ ಕಾಂಟ್ರಾಕ್ಟ್ ಮತ್ತು ಸ್ಯಾಲರಿ ಕ್ಯಾಪ್: ಅಮೆರಿಕಕ್ಕೆ ಹೊಸದಾಗಿ ಬಂದ ಕನ್ನಡದವರಿಗೆ

ಮಾರ್ಚ್ ಬಂತು ಅಂದ್ರೆ ಇಲ್ಲಿ ಆಫೀಸಲ್ಲಿ ಊಟದ ಹೊತ್ತಿನ ಮಾತೆಲ್ಲ ಎನ್‌ಎಫ್‌ಎಲ್, ಅಂದ್ರೆ ಅಮೆರಿಕನ್ ಫುಟ್‌ಬಾಲ್ ಲೀಗಿನ ಕಾಂಟ್ರಾಕ್ಟ್ ಮೇಲೇ, ಆಟ ಫೆಬ್ರವರಿಗೇ ಮುಗಿದಿರುತ್ತೆ, ಆದ್ರೂ ಯಾರನ್ನ ಬಿಟ್ರು, ಯಾರಿಗೆ ಎಷ್ಟು ಕೊಟ್ರು, ಕ್ಯಾಪ್ (ಟೀಮ್ ಒಂದು ವರ್ಷಕ್ಕೆ ಆಟಗಾರರ ಮೇಲೆ ಖರ್ಚು ತೋರಿಸಬಹುದಾದ ಮಿತಿ) ಎಷ್ಟು ಉಳೀತು, ಡೆಡ್ ಮನಿ ಎಷ್ಟಾಯ್ತು ಅಂತ. ಸನಿವೇಲ್, ಸಾಂಟಾ ಕ್ಲಾರಾ ಕಡೆ ಇರೋ ನಮ್ಮವರಿಗಂತೂ ಫಾರ್ಟಿನೈನರ್ಸ್ ಟೀಮಿನ ಲೀವೈಸ್ ಸ್ಟೇಡಿಯಂ ಪಕ್ಕದಲ್ಲೇ, ಆಟದ ರೂಲ್ಸ್ ಮಕ್ಕಳೇ ಹೇಳ್ಕೊಡ್ತಾರೆ, ಆದ್ರೆ ಈ ದುಡ್ಡಿನ ಲೆಕ್ಕ ಯಾರೂ ಕೂತು ಬಿಡಿಸಿ ಹೇಳಲ್ಲ. ಅದಕ್ಕೇ ಬರೀತಿದೀನಿ. ಮೊದಲೇ ಒಂದು ಮಾತು, ನ್ಯೂಸಲ್ಲಿ ದಪ್ಪಕ್ಷರದಲ್ಲಿ ಬರೋ ಆ ದೊಡ್ಡ ನಂಬರ್ ನಂಬಬೇಡಿ. ಗ್ಯಾರಂಟಿ (ಟೀಮ್ ಬಿಟ್ರೂ ಕೊಡಲೇಬೇಕಾದ ದುಡ್ಡು) ಎಷ್ಟು, ಸೈನಿಂಗ್ ಬೋನಸ್ ಎಷ್ಟು, ಇವೆರಡು ನೋಡಿ ಸಾಕು, ಅರ್ಧ ಕಥೆ ಗೊತ್ತಾಗುತ್ತೆ.

ಐಪಿಎಲ್ ನೋಡೋರಿಗೆ ಪರ್ಸ್ ಗೊತ್ತೇ ಇದೆ. 2025ರ ಮೆಗಾ ಆಕ್ಷನ್‌ಗೆ ಟೀಮಿಗೆ 120 ಕೋಟಿ, ಆರ್‌ಸಿಬಿ ಕೊಹ್ಲಿ 21, ಪಾಟೀದಾರ್ 11, ಯಶ್ ದಯಾಳ್ 5 ಅಂತ 37 ಕೋಟಿ ಖರ್ಚು ಮಾಡಿ ಉಳಿದ 83 ಕೋಟಿ ಹಿಡ್ಕೊಂಡು ಆಕ್ಷನ್‌ಗೆ ಹೋಯ್ತು. ಆ ಸೀಸನ್‌ನ ದುಡ್ಡು, ಆ ಸೀಸನ್‌ನ ಲೆಕ್ಕ. ಎನ್‌ಎಫ್‌ಎಲ್‌ನಲ್ಲೂ 32 ಟೀಮಿಗೂ ಒಂದೇ ಮಿತಿ, ಆದ್ರೆ ಇಲ್ಲಿ ಇವತ್ತು ಕೊಟ್ಟ ದುಡ್ಡನ್ನ ಮುಂದಿನ ವರ್ಷಗಳ ಲೆಕ್ಕಕ್ಕೆ ತಳ್ಳಬಹುದು. ಇಡೀ ಆಟ ಇರೋದೇ ಅಲ್ಲಿ.

ಈ ಕ್ಯಾಪ್ ಸುಮ್ನೆ ಬಂದಿದ್ದಲ್ಲ. ಮೊದಲು ಆಟಗಾರರಿಗೆ ಟೀಮ್ ಬಿಟ್ಟು ಹೋಗೋ ಸ್ವಾತಂತ್ರ್ಯಾನೇ ಸರಿಯಾಗಿ ಇರ್ಲಿಲ್ಲ, 1987ರಲ್ಲಿ ಸ್ಟ್ರೈಕ್ ಮಾಡಿದ್ರು, ಆಮೇಲೆ ಕೋರ್ಟಿಗೆ ಹೋದ್ರು, 1992ರಲ್ಲಿ ಜ್ಯೂರಿ ಆಟಗಾರರ ಪರ ನಿಂತಿತು, 1993ರಲ್ಲಿ ಒಪ್ಪಂದ ಆಯ್ತು. ಆಟಗಾರರಿಗೆ ಫ್ರೀ ಏಜೆನ್ಸಿ, ಅಂದ್ರೆ ಕಾಂಟ್ರಾಕ್ಟ್ ಮುಗಿದ್ಮೇಲೆ ಬೇರೆ ಟೀಮಿಗೆ ಹೋಗೋ ಸ್ವಾತಂತ್ರ್ಯ ಸಿಕ್ತು, ಮಾಲೀಕರಿಗೆ ಸ್ಯಾಲರಿ ಕ್ಯಾಪ್ ಸಿಕ್ತು. 1994ರಲ್ಲಿ ಮೊದಲ ಕ್ಯಾಪ್ 34.6 ಮಿಲಿಯನ್ ಡಾಲರ್, 2025ಕ್ಕೆ 279.2 ಮಿಲಿಯನ್. ಲೀಗ್ ಆದಾಯದಲ್ಲಿ ಹೆಚ್ಚೂಕಮ್ಮಿ 48 ಪರ್ಸೆಂಟ್ ಆಟಗಾರರ ಪಾಲು ಅಂತ ಒಪ್ಪಂದ ಇರೋದ್ರಿಂದ ಟಿವಿ ದುಡ್ಡು ಏರಿದಂಗೆ ಕ್ಯಾಪ್ ಏರುತ್ತೆ. ಕೋವಿಡ್ ವರ್ಷ ಸ್ಟೇಡಿಯಂ ಖಾಲಿ ಇದ್ದಿದ್ದಕ್ಕೆ 2021ರಲ್ಲಿ 198.2ರಿಂದ 182.5ಕ್ಕೆ ಇಳೀತು. ಬೇಸ್‌ಬಾಲ್‌ನಲ್ಲಾದ್ರೆ ಟ್ಯಾಕ್ಸ್ ಕಟ್ಟಿ ಮಿತಿ ದಾಟಬಹುದು, ಇಲ್ಲಿ ಆಗಲ್ಲ. ಮಿತಿ ಅಂದ್ರೆ ಮಿತಿ.

ಈಗ ಲೆಕ್ಕ. ಒಬ್ಬ ಆಟಗಾರನಿಗೆ 5 ವರ್ಷಕ್ಕೆ 130 ಮಿಲಿಯನ್ ಅಂತ ನ್ಯೂಸ್ ಬಂತು ಅಂತಿಟ್ಕೊಳ್ಳಿ, ಇದು ನಾನು ಉದಾಹರಣೆಗೆ ಮಾಡಿದ್ದು. ಅದ್ರಲ್ಲಿ 50 ಸೈನಿಂಗ್ ಬೋನಸ್, ಸಹಿ ಹಾಕಿದ್ರೆ ಸಿಗೋ ದುಡ್ಡು. ಉಳಿದ 80 ಸಂಬಳ, ವರ್ಷವಾರು 2, 8, 16, 25, 29. ಬೋನಸ್ ಅವನ ಕೈಗೆ ಸೇರೋದು ಈಗ್ಲೇ, ಆದ್ರೆ ಕ್ಯಾಪ್ ಲೆಕ್ಕದಲ್ಲಿ ಅದನ್ನ 5 ವರ್ಷಕ್ಕೆ ಹಂಚ್ತಾರೆ, ವರ್ಷಕ್ಕೆ 10. ಸೋ ಮೊದಲ ವರ್ಷ ಅವನ ಜೇಬಿಗೆ 52 ಹೋಯ್ತು, ಕ್ಯಾಪ್‌ನಲ್ಲಿ ಕಾಣೋದು ಬರೀ 12. ಎರಡನೇ ವರ್ಷ 18, ಮೂರಕ್ಕೆ 26, ನಾಲ್ಕಕ್ಕೆ 35, ಐದಕ್ಕೆ 39. ಮೂರು ವರ್ಷ ಆದ್ಮೇಲೆ ಅವನ ಮಂಡಿ ಕೈಕೊಡ್ತು, ಸ್ಪೀಡ್ ಕಮ್ಮಿ ಆಯ್ತು, ಟೀಮ್ ಅವನನ್ನ ಬಿಡ್ತು ಅಂದ್ಕೊಳ್ಳಿ. ಕೊನೆ ಎರಡು ವರ್ಷದ 54 ಮಿಲಿಯನ್ ಗ್ಯಾರಂಟಿ ಇಲ್ದಿದ್ರೆ ಒಂದು ಪೈಸೆನೂ ಕೊಡಬೇಕಿಲ್ಲ. 130 ಅಂತ ಓದಿದ್ದು ನಿಜದಲ್ಲಿ 76. ಆದ್ರೆ ಬೋನಸ್‌ನಲ್ಲಿ ಇನ್ನೂ ಲೆಕ್ಕಕ್ಕೆ ಬರದೇ ಇದ್ದ 20 ಒಂದೇ ಸಲ ಟೀಮ್ ಕ್ಯಾಪ್ ಮೇಲೆ ಬೀಳುತ್ತೆ, ಆ ಆಟಗಾರ ಟೀಮಲ್ಲೇ ಇಲ್ಲ, ಲೆಕ್ಕದಲ್ಲಿ ಮಾತ್ರ ಇದಾನೆ. ಡೆಡ್ ಮನಿ ಅಂದ್ರೆ ಇದೇ. ಇಟ್ಕೊಂಡ್ರೆ 35, ಬಿಟ್ರೆ 20, ಉಳಿಯೋದು 15. ಜೂನ್ 1ರ ನಂತರ ಬಿಟ್ಟಂಗೆ ತೋರಿಸೋ ಅವಕಾಶ ಟೀಮಿಗೆ ವರ್ಷಕ್ಕೆ ಇಬ್ಬರು ಆಟಗಾರರ ವಿಷ್ಯದಲ್ಲಿ ಇದೆ, ಹಾಗೆ ಮಾಡಿದ್ರೆ ಆ 20 ಎರಡು ವರ್ಷಕ್ಕೆ ಹಂಚಿ ಹೋಗುತ್ತೆ.

ರೀಸ್ಟ್ರಕ್ಚರ್ ಅನ್ನೋ ಪದ ದಿನಾ ಕೇಳ್ತೀರ. ಅದೇ ಆಟಗಾರನ ಮೂರನೇ ವರ್ಷದ 16ರಲ್ಲಿ 15ನ್ನ ಬೋನಸ್ ಅಂತ ಬದಲಾಯಿಸಿ ಉಳಿದ 3 ವರ್ಷಕ್ಕೆ ಹಂಚಿದ್ರೆ ಆ ವರ್ಷದ ಕ್ಯಾಪ್ 10 ಕಮ್ಮಿ ಆಗುತ್ತೆ. ಆಟಗಾರ ಏನೂ ಕಳ್ಕೊಳ್ಳಲ್ಲ, ವಾರಾವಾರ ಬರೋ ದುಡ್ಡು ಒಟ್ಟಿಗೆ ಬರುತ್ತೆ, ಅದಕ್ಕೇ ಖುಷಿಯಿಂದ ಸಹಿ ಹಾಕ್ತಾನೆ, ಟೀಮಿಗೋಸ್ಕರ ತ್ಯಾಗ ಮಾಡಿದ ಅಂತ ಯಾರಾದ್ರೂ ಹೇಳಿದ್ರೆ ಅದು ಸರಿಯಲ್ಲ. ಇನ್ನೂ ಮುಂದಕ್ಕೆ ಹೋಗಿ, ಅವನು ಆಡೋದೇ ಇಲ್ಲದ ವರ್ಷಗಳನ್ನೂ ಕಾಂಟ್ರಾಕ್ಟ್‌ಗೆ ಸೇರಿಸ್ತಾರೆ, ವಾಯ್ಡ್ ಇಯರ್ಸ್ ಅಂತ, ಬೋನಸ್ ಹಂಚೋಕೆ ಮಾತ್ರ. ಹೆಸರಾಂತ ಆಟಗಾರ ಟಾಮ್ ಬ್ರೇಡಿ ರಿಟೈರ್ ಆದ್ಮೇಲೂ 2023ರಲ್ಲಿ ಟ್ಯಾಂಪಾ ಬೇ ಕ್ಯಾಪ್‌ನಲ್ಲಿ ಅವರ ಹೆಸರಲ್ಲಿ 35 ಮಿಲಿಯನ್ ಕೂತಿತ್ತು. ಇನ್ನೂ ದೊಡ್ಡದು ಡೆನ್ವರ್‌ದು, ರಸಲ್ ವಿಲ್ಸನ್‌ನ 2024ರಲ್ಲಿ ಬಿಟ್ಟಾಗ 85 ಮಿಲಿಯನ್ ಡೆಡ್ ಮನಿ, 2 ವರ್ಷಕ್ಕೆ ಹಂಚಿದ್ರು.

ಹಾಗಾದ್ರೆ ಗೆಲ್ಲೋ ಟೀಮ್ ಹೆಂಗೆ ಮಾಡ್ತಾರೆ? ಕಮ್ಮಿ ಸಂಬಳದ ಹೊಸ ಹುಡುಗರಿಂದ. ಡ್ರಾಫ್ಟ್ ಅಂದ್ರೆ ಕಾಲೇಜಿಂದ ಬರೋ ಆಟಗಾರರನ್ನ ಟೀಮ್‌ಗಳು ಸರದಿ ಪ್ರಕಾರ ಆರಿಸ್ಕೊಳ್ಳೋದು, ಒಂದೊಂದು ಆಯ್ಕೆನೂ ಒಂದು ಪಿಕ್. 2011ರಿಂದ ಡ್ರಾಫ್ಟ್ ಆದವರ ಸಂಬಳ ಪಿಕ್ ನಂಬರ್ ನೋಡಿ ಹೆಚ್ಚೂಕಮ್ಮಿ ಮೊದಲೇ ಫಿಕ್ಸ್. 2010ರಲ್ಲಿ ಮೊದಲ ಪಿಕ್ ಸ್ಯಾಮ್ ಬ್ರಾಡ್‌ಫರ್ಡ್‌ಗೆ 6 ವರ್ಷಕ್ಕೆ 78 ಮಿಲಿಯನ್, ಮರುವರ್ಷ ಮೊದಲ ಪಿಕ್ ಕ್ಯಾಮ್ ನ್ಯೂಟನ್‌ಗೆ 4 ವರ್ಷಕ್ಕೆ 22. ಇದರ ಫಲ ನಮ್ಮ ಫಾರ್ಟಿನೈನರ್ಸ್ ತರ ಯಾರೂ ತಗೊಂಡಿಲ್ಲ ಅನ್ಸುತ್ತೆ ನನಗೆ. ಅವರ ಕ್ವಾರ್ಟರ್‌ಬ್ಯಾಕ್ (ಬಾಲ್ ಎಸೆದು ಆಟ ನಡೆಸೋನು) ಬ್ರಾಕ್ ಪರ್ಡಿ 2022ರ ಡ್ರಾಫ್ಟಲ್ಲಿ ಕಟ್ಟಕಡೆಯವನು, 262ನೇ ಪಿಕ್. 2023ರಲ್ಲಿ ಅವನ ಸಂಬಳ 8 ಲಕ್ಷ 70 ಸಾವಿರ ಡಾಲರ್, ಬೇರೆ ಟೀಮಿನ ದೊಡ್ಡ ಕ್ವಾರ್ಟರ್‌ಬ್ಯಾಕ್‌ಗಳ ಕಾಂಟ್ರಾಕ್ಟ್ ವರ್ಷಕ್ಕೆ 40-50 ಮಿಲಿಯನ್. ಆ ಉಳಿತಾಯದಲ್ಲೇ ನಿಕ್ ಬೋಸಾಗೆ 5 ವರ್ಷಕ್ಕೆ 170 ಮಿಲಿಯನ್ ಕೊಡೋಕೆ, ಮೆಕ್ಯಾಫ್ರಿ, ಟ್ರೆಂಟ್ ವಿಲಿಯಮ್ಸ್, ಫ್ರೆಡ್ ವಾರ್ನರ್, ಕಿಟಲ್ ಥರದ ದೊಡ್ಡ ಆಟಗಾರರೆಲ್ಲರನ್ನೂ ಒಟ್ಟಿಗೆ ಇಟ್ಕೊಳ್ಳೋಕೆ ಆಗಿದ್ದು. ಆ ಸೀಸನ್ ಸೂಪರ್ ಬೌಲ್‌ಗೆ, ಅಂದ್ರೆ ಫೈನಲ್‌ಗೆ ಹೋದ್ರು, ಕ್ಯಾನ್ಸಸ್ ಸಿಟಿ ಮುಂದೆ ಓವರ್‌ಟೈಮಲ್ಲಿ 25-22 ಸೋತ್ರು. ಡ್ರಾಫ್ಟ್ ಆದವನು ಮೂರು ಸೀಸನ್ ಆಡೋವರೆಗೂ ಹೊಸ ಕಾಂಟ್ರಾಕ್ಟ್ ಕೇಳೋ ಹಾಗಿಲ್ಲ, ಅದು ಮುಗೀತು, 2025ರ ಮೇ ತಿಂಗಳಲ್ಲಿ ಪರ್ಡಿಗೆ 5 ವರ್ಷಕ್ಕೆ 265 ಮಿಲಿಯನ್. ಈ ದಿನ ಬರುತ್ತೆ ಅಂತ ಗೊತ್ತಿದ್ದೇ ಅದೇ ಮಾರ್ಚಲ್ಲಿ ಡೀಬೋ ಸ್ಯಾಮ್ಯುಯೆಲ್‌ನ ವಾಷಿಂಗ್ಟನ್‌ಗೆ ಕೊಟ್ರು, 30 ಮಿಲಿಯನ್‌ಗೂ ಜಾಸ್ತಿ ಡೆಡ್ ಮನಿ ನುಂಗ್ಕೊಂಡು. ಹುಫಾಂಗಾ, ಗ್ರೀನ್‌ಲಾ ಡೆನ್ವರ್‌ಗೆ ಹೋದ್ರು, ವಾರ್ಡ್ ಇಂಡಿಯಾನಾಪೊಲಿಸ್‌ಗೆ. ಫ್ಯಾನ್ಸ್ ಬೈಕೊಂಡ್ರು, ಆದ್ರೆ ಲೆಕ್ಕ ನೋಡಿದ್ರೆ ಬೇರೆ ದಾರಿ ಕಮ್ಮಿ ಇತ್ತು. ಈ ಟೀಮಿನ ಕಾಂಟ್ರಾಕ್ಟ್ ಮಾತುಕತೆಗಳನ್ನ ವರ್ಷಗಳಿಂದ ನೋಡ್ಕೊಂಡು ಬಂದವರು ಪರಾಗ್ ಮರಾಠೆ, ಭಾರತೀಯ ಮೂಲದವರು, ಇಲ್ಲೇ ಸಾರಟೋಗಾದಲ್ಲಿ ಬೆಳೆದವರು. ಲೆಕ್ಕದಲ್ಲಿ ಆಸಕ್ತಿ ಇರೋ ಮಕ್ಕಳಿಗೆ ಈ ಥರದ ಕೆಲಸನೂ ಇದೆ ಅಂತ ಹೇಳಿ ದಯವಿಟ್ಟು.

ಇನ್ನೊಂದು ವಿಷ್ಯ ನನಗೆ ಮನಸ್ಸಿಗೆ ತಟ್ಟೋದು. ಒಳ್ಳೇ ಕಾಂಟ್ರಾಕ್ಟ್ ಕೊಡೋವರೆಗೂ ಪ್ರಾಕ್ಟೀಸಿಗೆ ಬರಲ್ಲ ಅಂತ ಆಟಗಾರ ಕೂತ್ರೆ ನಮ್ಮವರು ಕೂಡ್ಲೇ ದುರಾಸೆ ಅಂತಾರೆ, ಕೋಟಿಗಟ್ಲೆ ಬರ್ತಿದ್ರೂ ಸಾಲಲ್ವಾ ಅಂತ. ಆದ್ರೆ ಟೀಮ್ ಅವನನ್ನ ಯಾವಾಗ ಬೇಕಾದ್ರೂ ಬಿಡಬಹುದು, ಆಟಗಾರ ಬಿಟ್ಟು ಹೋಗೋ ಹಾಗಿಲ್ಲ, ಮೈ ಮುರಿಯೋ ಆಟ, ಒಂದು ಏಟಿಗೆ ಕರಿಯರ್ ಮುಗಿಯುತ್ತೆ, ಅದಕ್ಕೇ ಅವರು ಹೋರಾಡೋದು ಗ್ಯಾರಂಟಿಗೆ. ಪೂರ್ತಿ ಗ್ಯಾರಂಟಿ ಸಿಗೋದು ಅಪರೂಪ, ಕರ್ಕ್ ಕಸಿನ್ಸ್‌ಗೆ 2018ರಲ್ಲಿ ಮಿನೆಸೋಟ 3 ವರ್ಷಕ್ಕೆ 84 ಮಿಲಿಯನ್ ಪೂರ್ತಿ ಗ್ಯಾರಂಟಿ ಕೊಟ್ರು, 2022ರಲ್ಲಿ ಕ್ಲೀವ್‌ಲ್ಯಾಂಡ್ ದೆಶಾನ್ ವಾಟ್ಸನ್‌ಗೆ 230. ಫ್ರಾಂಚೈಸ್ ಟ್ಯಾಗ್ ಅಂತ ಇನ್ನೊಂದು ಇದೆ, ಕಾಂಟ್ರಾಕ್ಟ್ ಮುಗಿದವರಲ್ಲಿ ಒಬ್ಬನನ್ನ ಟೀಮ್ ಒಂದು ವರ್ಷ ಹಿಡಿದಿಟ್ಕೊಳ್ಳಬಹುದು, ಅವನ ಸ್ಥಾನದ ದುಬಾರಿ ಆಟಗಾರರ ಲೆಕ್ಕದಲ್ಲಿ ಸಂಬಳ ಕೊಟ್ಟು. ಮತ್ತೆ ಟ್ಯಾಗ್ ಹಾಕಿದ್ರೆ ಕನಿಷ್ಠ 20 ಪರ್ಸೆಂಟ್ ಜಾಸ್ತಿ. ಕಸಿನ್ಸ್‌ಗೆ ವಾಷಿಂಗ್ಟನ್ 2016ರಲ್ಲಿ ಸುಮಾರು 20 ಮಿಲಿಯನ್, 2017ರಲ್ಲಿ ಸುಮಾರು 24 ಕೊಟ್ಟಿದ್ದು ಹೀಗೇ. ಪಿಟ್ಸ್‌ಬರ್ಗ್‌ನ ಲೆವಿಯಾನ್ ಬೆಲ್ ಟ್ಯಾಗ್ ಒಪ್ಪದೇ 2018ರ ಸೀಸನ್ ಪೂರ್ತಿ ಆಡ್ಲೇ ಇಲ್ಲ.

ಟ್ಯಾಕ್ಸ್ ಬಗ್ಗೆ ಚಿಕ್ಕದಾಗಿ. ಕ್ಯಾಪ್ ಎಲ್ಲಾ ಕಡೆ ಒಂದೇ, ಆದ್ರೆ ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ಟ್ಯಾಕ್ಸ್ 13.3 ಪರ್ಸೆಂಟ್‌ವರೆಗೆ, ಟೆಕ್ಸಸ್, ಫ್ಲಾರಿಡಾದಲ್ಲಿ ಸೊನ್ನೆ. ಅಷ್ಟೇ ಸಂಬಳಕ್ಕೆ ಡಲ್ಲಾಸ್‌ನವನ ಕೈಗೆ ಜಾಸ್ತಿ ಸಿಗುತ್ತೆ, ಇಲ್ಲಿ ಟೆಕ್ ಕೆಲಸದಲ್ಲಿರೋರಿಗೆ ಈ ನೋವು ಬಿಡಿಸಿ ಹೇಳಬೇಕಿಲ್ಲ.

ಫಾಲೋ ಮಾಡೋರು ಯಾವಾಗ ಏನು ನೋಡಬೇಕು ಅಂದ್ರೆ, ಫೆಬ್ರವರಿ ಕೊನೆಯಿಂದ ಮಾರ್ಚ್ ಮೊದಲ ವಾರದವರೆಗೆ ಟ್ಯಾಗ್. ಮಾರ್ಚ್ ಮಧ್ಯದಲ್ಲಿ ಹೊಸ ಲೀಗ್ ವರ್ಷ, ನಮ್ಮ ಕ್ಯಾಲಿಫೋರ್ನಿಯಾ ಟೈಮ್ ಮಧ್ಯಾಹ್ನ 1 ಗಂಟೆಗೆ, ಅಷ್ಟರೊಳಗೆ ಎಲ್ಲಾ ಟೀಮ್ ಕ್ಯಾಪ್ ಒಳಗೆ ಬಂದಿರಬೇಕು, ಮಾತುಕತೆಗೆ ಎರಡು ದಿನ ಮುಂಚೆಯಿಂದಲೇ ಅವಕಾಶ, ದೊಡ್ಡ ನ್ಯೂಸ್ ಎಲ್ಲ ಆಗ್ಲೇ ಬರೋದು. ಟ್ಯಾಗ್ ಆದವರಿಗೆ ದೀರ್ಘ ಕಾಂಟ್ರಾಕ್ಟ್ ಮಾಡೋಕೆ ಜುಲೈ ಮಧ್ಯದ ಗಡುವು. ಬೇಸಿಗೇಲಿ ದುಬಾರಿ 51 ಜನರ ಸಂಬಳ ಮಾತ್ರ ಕ್ಯಾಪ್‌ಗೆ ಎಣಿಸ್ತಾರೆ, ಆಗಸ್ಟ್ ಕೊನೇಲಿ ಟೀಮ್ 53 ಜನಕ್ಕೆ ಇಳಿಸ್ತಾರೆ, ಸೀಸನ್ ಶುರುವಾದ್ರೆ ಆ 53, ಗಾಯ ಆಗಿ ಪಟ್ಟಿ ಸೇರಿದವರು, ಪ್ರಾಕ್ಟೀಸ್ ಸ್ಕ್ವಾಡ್‌ನವರು (ಟೀಮ್ ಜೊತೆ ಪ್ರಾಕ್ಟೀಸ್ ಮಾಡೋ ಹೆಚ್ಚುವರಿ ಆಟಗಾರರು) ಎಲ್ಲ ಲೆಕ್ಕಕ್ಕೆ. ಅದಕ್ಕೇ ಟೀಮ್‌ಗಳು ಬೇಸಿಗೇಲಿ ಪೂರ್ತಿ ಖಾಲಿ ಮಾಡ್ದೆ ಸ್ವಲ್ಪ ಮಿಲಿಯನ್ ಕೈಲಿಟ್ಕೊಂಡಿರ್ತಾರೆ, ಉಳಿದ್ರೆ ಅದು ಮುಂದಿನ ವರ್ಷದ ಕ್ಯಾಪ್‌ಗೆ ಸೇರುತ್ತೆ.