ಕರ್ಮಾಡ್‌ನ ಹಳಿಯನ್ನು ಕಸೂತಿಯಲ್ಲಿ ಹೊಲಿದದ್ದು

2020ರ ಮೇ 8ರ ನಸುಕಿನಲ್ಲಿ ಮಹಾರಾಷ್ಟ್ರದ ಔರಂಗಾಬಾದ್ ಜಿಲ್ಲೆಯ ಕರ್ಮಾಡ್ ಬಳಿ ರೈಲು ಹಳಿಯ ಮೇಲೆ ಮಲಗಿದ್ದ 16 ಕಾರ್ಮಿಕರು ಗೂಡ್ಸ್ ಗಾಡಿಗೆ ಸಿಕ್ಕು ಸತ್ತರು. ಲಾಕ್‌ಡೌನಿನಲ್ಲಿ ಕೆಲಸ ನಿಂತು, ಜಾಲ್ನಾದಿಂದ ಮಧ್ಯಪ್ರದೇಶದ ತಮ್ಮ ಊರುಗಳತ್ತ ನಡೆದು ಹೊರಟವರು ಅವರು. ಹಳಿಗಳ ನಡುವೆ ಚೆಲ್ಲಿಬಿದ್ದ ಅವರ ರೊಟ್ಟಿಗಳನ್ನು ಧಾರವಾಡದ ಮನೆಯಲ್ಲಿ ಕುಳಿತು ಟಿವಿಯಲ್ಲಿ ಕಂಡ ನಾನು, ಕೆಲವು ತಿಂಗಳ ಮೇಲೆ ಅದನ್ನು ಕಸೂತಿಯಲ್ಲಿ ಹೊಲಿಯಲು ತೊಡಗಿದೆ.

ಶೋಕಕ್ಕೆ ಕಪ್ಪು ಬಟ್ಟೆಯೇ ಸರಿ ಎಂದು ಹಲವರು ಹೇಳಿದರು. ಆದರೆ ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಸೀರೆ ನಮ್ಮಲ್ಲಿ ಮದುವಣಗಿತ್ತಿಯದು. ಆದ್ದರಿಂದ ಎಳೆ ಎಣಿಸಲು ಬರುವಂಥ ದಪ್ಪ ಕೋರಾ ಬಟ್ಟೆಯನ್ನು ಆರಿಸಿಕೊಂಡೆ. ಹೆಣಗಳನ್ನು ತೋರಿಸುವ ಮಾತೇ ಇರಲಿಲ್ಲ. ಅವರ ಮನೆಯವರು ಎಲ್ಲೋ ಬದುಕಿದ್ದಾರೆ. ಎಳೆ ಎಣಿಸಿ ನೇರ ಮತ್ತು ಓರೆ ಗೆರೆಗಳಲ್ಲೇ ಸಾಗುವ ಕಸೂತಿಯಲ್ಲಿ ದುಂಡು ಆಕಾರ ಬರುವುದಿಲ್ಲವಾದ್ದರಿಂದ, ರೊಟ್ಟಿಗಳು ಎಂಟು ಮೂಲೆಯವಾದವು. ಗೋಪುರ, ತೇರುಗಳ ಬಳಗದ ಈ ಕಲೆಗೆ ಅವು ಹೊಸವು ಅನ್ನಿಸಲೂ ಇಲ್ಲ.

ಹಳಿಯಡಿಯ ಅಡ್ಡಪಟ್ಟಿಗಳನ್ನು ಎಳೆಗಳು ಒಂದನ್ನೊಂದು ಓರೆಯಾಗಿ ದಾಟುವ ಮೆಂತಿ ಹೊಲಿಗೆಯಿಂದ ಒತ್ತಾಗಿ ತುಂಬಿ, ಹಳಿಗಳಿಗೆ ಗವಂತಿ ಹೊಲಿಗೆ ಇಟ್ಟೆ. ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತ ಸಾಗಿ, ಅದೇ ದಾರಿಯಲ್ಲಿ ಮರಳುವಾಗ ಬಿಟ್ಟ ಜಾಗಗಳನ್ನು ತುಂಬುವುದರಿಂದ ಬಟ್ಟೆಯ ಎರಡೂ ಮಗ್ಗಲು ಒಂದೇ ರೀತಿ ಕಾಣುತ್ತವೆ. ನಾನು ಮರಳುವ ಹೊಲಿಗೆಯನ್ನು ಹಾಕಲಿಲ್ಲ. ಕಸೂತಿ ಕಲಿಸಿದ ಅತ್ತಿ ಅದನ್ನು ನೋಡಿ, "ಇದನ್ಯಾಕ ಅರ್ಧಕ್ಕ ಬಿಟ್ಟೀಯವ್ವಾ?" ಎಂದರು, ನಾನು ಕಾರಣ ಹೇಳಿದ ಮೇಲೆ ಸುಮ್ಮನಾಗಿ, ಎಳೆಯ ತುದಿಯ ಬಗ್ಗೆ ಕೇಳಿದರು. ಅದೇ ನಿಜವಾದ ತೊಡಕು. ಎಳೆ ಹೊರಟಲ್ಲಿಗೆ ಮರಳದಿದ್ದರೆ ಅದರ ತುದಿ ದೂರದಲ್ಲೇ ಉಳಿಯುತ್ತದೆ, ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ. ಕೊನೆಗೆ ತುದಿಯನ್ನು ಪಕ್ಕದ ಮೆಂತಿಯ ಕೆಳಗೆ ತೂರಿಸಿ ಭದ್ರಪಡಿಸಿದೆ.

ಹೀಗೆ ಮಾಡಿದ್ದರಿಂದ ಮುಂಬದಿಯಲ್ಲಿ ಗೆರೆ ಇದ್ದಲ್ಲಿ ಹಿಂಬದಿ ಖಾಲಿ, ಅಲ್ಲಿ ಇದ್ದಲ್ಲಿ ಇಲ್ಲಿ ಖಾಲಿ. ಚೌಕಟ್ಟು ಕಟ್ಟುವವರು ಬೆನ್ನಿಗೆ ಹಲಗೆ ಹೊಡೆಯಲು ಹೊರಟಿದ್ದರು. ತಡೆದು, ಎರಡೂ ಕಡೆ ಗಾಜು ಹಾಕಿಸಿದೆ. ಹೆಸರಿಡಲಿಲ್ಲ, ಚೀಟಿಯಲ್ಲಿ ತಾರೀಖು, ಸ್ಥಳ ಮತ್ತು ಸತ್ತವರ ಸಂಖ್ಯೆಯನ್ನಷ್ಟೇ ಬರೆದಿದ್ದೇನೆ. ಬೆಲೆ ಕೇಳಿದವರಿಗೆ ಕೊಡುವುದಿಲ್ಲವೆಂದು ಹೇಳಿದೆ.