ಚಟ ಬಿಡುವವರೆಗೆ ಔಷಧಕ್ಕಾಗಿ ಕಾಯಿಸುವುದಿಲ್ಲ

ಕಾರವಾರದಲ್ಲಿ ನನ್ನ ಬಳಿ ಬರುವ ಹೆಪಟೈಟಿಸ್ ಸಿ (ಯಕೃತ್ತಿಗೆ ತಗಲುವ ವೈರಸ್ ಸೋಂಕು) ರೋಗಿಗಳಲ್ಲಿ ಮಾದಕ ವಸ್ತು ಚುಚ್ಚಿಕೊಳ್ಳುವವರೂ ಇದ್ದಾರೆ. ‘ಮೊದಲು ಚಟ ಬಿಟ್ಟು ಬಾ’ ಎಂದು ಬೇರೆಡೆ ಹೇಳಿಸಿಕೊಂಡು ಬಂದವರೇ ಹೆಚ್ಚು. ನಾನು ಹಾಗೆ ಹೇಳುವುದಿಲ್ಲ. ಚಟ ಬಿಡಲು ವರ್ಷಗಳೇ ಹಿಡಿಯಬಹುದು. ಅಷ್ಟರಲ್ಲಿ ಯಕೃತ್ತು ಗಟ್ಟಿಯಾಗುತ್ತದೆ, ಹಂಚಿಕೊಂಡ ಸೂಜಿಯಿಂದ ವೈರಸ್ ಇನ್ನೊಬ್ಬರಿಗೆ ದಾಟುತ್ತದೆ.

ಮೊದಲ ತೊಡಕು ರಕ್ತ ತೆಗೆಯುವುದು. ವರ್ಷಗಟ್ಟಲೆ ಚುಚ್ಚಿಕೊಂಡ ಕೈಯಲ್ಲಿ ನರ ಸಿಗುವುದಿಲ್ಲ. ಎಲ್ಲಿ ಸಿಗುತ್ತದೆ ಎಂದು ಅವರನ್ನೇ ಕೇಳುತ್ತೇನೆ, ಅವರಿಗೆ ಗೊತ್ತಿರುತ್ತದೆ. ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ), ಪ್ಲೇಟ್‌ಲೆಟ್, ಎಎಸ್‌ಟಿ (ಯಕೃತ್ತಿನ ಹಾನಿ ತಿಳಿಸುವ ಕಿಣ್ವ), ಎಚ್‌ಐವಿ, ಹೆಪಟೈಟಿಸ್ ಬಿ ಎಲ್ಲಕ್ಕೂ ಒಂದೇ ಸಲ ತೆಗೆಯುತ್ತೇನೆ. ಬಿ ಪರೀಕ್ಷೆ ಬಿಡುವಂತಿಲ್ಲ: ಸಿ ವೈರಸ್ ಅಡಗುತ್ತಿದ್ದಂತೆ ಬಿ ತಲೆಯೆತ್ತಬಹುದು. ಫಿಟ್ಸ್‌ಗೆಂದು ಫೆನಿಟಾಯಿನ್ ಅಥವಾ ಕಾರ್ಬಮಜೆಪಿನ್ ನುಂಗುತ್ತಿದ್ದಾರೆಯೇ ಎಂದೂ ಕೇಳಬೇಕು. ಅವು ಈ ಚಿಕಿತ್ಸೆಯನ್ನು ಕೆಡಿಸುತ್ತವೆ.

ಸಿರೋಸಿಸ್, ಅಂದರೆ ಯಕೃತ್ತು ಕಲೆಗಟ್ಟಿ ಗಡುಸಾಗುವುದು, ಇಲ್ಲದಿದ್ದರೆ ಸೊಫೊಸ್ಬುವಿರ್ 400 ಮಿ.ಗ್ರಾಂ, ಡಕ್ಲಾಟಾಸ್ವಿರ್ 60 ಮಿ.ಗ್ರಾಂ, ದಿನಕ್ಕೊಮ್ಮೆ, 12 ವಾರ. 2018ರ ಜುಲೈನಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಇವು ಉಚಿತ. ಚಟ ಬಿಡಿಸಲು ಮಾದಕ ವಸ್ತುವಿನ ಬದಲಿಗೆ ಕೊಡುವ ಬುಪ್ರೆನಾರ್ಫಿನ್ ಔಷಧ ತೆಗೆದುಕೊಳ್ಳುತ್ತಿರುವವರು ಅದನ್ನು ನಿಲ್ಲಿಸಬೇಕಾಗಿಲ್ಲ.

ಬೈತಖೋಲ್ ಬಂದರಿನ ದೋಣಿಗಳಲ್ಲಿ ದುಡಿಯುವವರದ್ದು ಬೇರೆಯೇ ಲೆಕ್ಕ. ಜೂನ್, ಜುಲೈ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಊರಲ್ಲಿ ಸಿಗುತ್ತಾರೆ, ಆದರೆ ಅದು 61 ದಿನ, ಚಿಕಿತ್ಸೆ 84 ದಿನ. ಹಾಗಾಗಿ ಆಗಸ್ಟ್‌ನ ಮಾತ್ರೆಗಳು ಸಮುದ್ರಕ್ಕೆ ಹೋಗಲೇಬೇಕು. ಔಷಧ ಕೈಗೆ ಕೊಟ್ಟರೆ ಕಳೆದುಕೊಳ್ಳುತ್ತಾರೆ, ಮಾರುತ್ತಾರೆ ಎಂಬ ಅನುಮಾನವನ್ನು ನಾನು ಒಪ್ಪುವುದಿಲ್ಲ. ನೀರು ತಾಗದಂತೆ ಮುಚ್ಚಿದ ಡಬ್ಬಿ ಕೊಟ್ಟು, ಊಟದ ಹೊತ್ತಿಗೆ ನುಂಗಲು ಹೇಳುತ್ತೇನೆ. ಒಂದು ದಿನ ತಪ್ಪಿದರೆ ಎರಡು ಮಾತ್ರೆ ಬೇಡ, ನಿಲ್ಲಿಸುವುದೂ ಬೇಡ, ಮುಂದುವರಿಸಿ ಎನ್ನುತ್ತೇನೆ.

ಸೂಜಿಯ ಮಾತನ್ನು ನೇರವಾಗಿಯೇ ಆಡಬೇಕು. ‘ನಾನು ಸೂಜಿ ಹಂಚಿಕೊಳ್ಳುವುದಿಲ್ಲ ಡಾಕ್ಟರೇ’ ಎನ್ನುವವರು ಚಮಚ, ಹತ್ತಿ, ನೀರು ಹಂಚಿಕೊಂಡಿರುತ್ತಾರೆ. ಅವುಗಳಿಂದಲೂ ಸೋಂಕು ತಗಲುತ್ತದೆ. ಜೊತೆಗೆ ಚುಚ್ಚಿಕೊಳ್ಳುವ ಗೆಳೆಯನನ್ನೂ ಕರೆತರಲು ಕೇಳುತ್ತೇನೆ. ಒಬ್ಬನಿಗೆ ಮಾತ್ರ ಗುಣವಾದರೆ ಮತ್ತೆ ಅಂಟುತ್ತದೆ. ಇದಕ್ಕೆ ಲಸಿಕೆ ಇಲ್ಲ, ಒಮ್ಮೆ ವಾಸಿಯಾದ ಮಾತ್ರಕ್ಕೆ ರಕ್ಷಣೆಯೂ ಇಲ್ಲ.

ಮಾತ್ರೆ ಮುಗಿದು 12 ವಾರಗಳ ಬಳಿಕ ವೈರಲ್ ಲೋಡ್ ನೋಡುತ್ತೇನೆ. ವೈರಸ್ ಕಾಣದಿದ್ದರೆ ಗುಣವಾಗಿದೆ. ಆದರೂ ಸೋಂಕಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯವನ್ನು (ಆ್ಯಂಟಿಬಾಡಿ) ಹುಡುಕುವ ಪರೀಕ್ಷೆ ಸಾಮಾನ್ಯವಾಗಿ ಪಾಸಿಟಿವ್ ಆಗಿಯೇ ಉಳಿಯುತ್ತದೆ. ಇದನ್ನು ಕನ್ನಡದಲ್ಲಿ ಬರೆದು, ಸಹಿ ಹಾಕಿ, ಚೀಟಿಯನ್ನು ಕೈಗೆ ಕೊಡುತ್ತೇನೆ. ಇಲ್ಲದಿದ್ದರೆ ಇನ್ನೊಂದು ಲ್ಯಾಬಿನಲ್ಲಿ ‘ನಿನಗೆ ಕಾಯಿಲೆ ಇದೆ’ ಎಂದುಬಿಡುತ್ತಾರೆ. ಚುಚ್ಚಿಕೊಳ್ಳುವುದು ಮುಂದುವರಿದಿದ್ದರೆ ವರ್ಷಕ್ಕೊಮ್ಮೆ ವೈರಲ್ ಲೋಡ್ ಮಾಡಿಸಿ ಎಂದೂ ಅದೇ ಚೀಟಿಯಲ್ಲಿ ಬರೆದಿರುತ್ತೇನೆ. ಮತ್ತೆ ಸೋಂಕು ತಗಲಿದರೆ ಮತ್ತೆ ಔಷಧ ಕೊಡುತ್ತೇನೆ.